ಎಂಬತ್ನಾಲ್ಕು ಮಾತ್ರೆ, ಇಬ್ಬರು ಗುರುಲಿಂಗಪ್ಪ

ಮೂರನೆಯ ಸಲ ಫೋನು ಬಡಿದುಕೊಂಡಾಗ ಅದನ್ನು ಎತ್ತಿದವರು ಯಾರೆಂದು ನಾನು ಆಣೆ ಮಾಡಿ ಹೇಳಲಾರೆ. ರೋಗಿ ಗುರುಲಿಂಗಪ್ಪನವರೇ ಎತ್ತಿದರು ಎಂದು ನನ್ನ ನೆನಪು. ಯಾರೂ ಎತ್ತಲಿಲ್ಲ, ಉಳಿದದ್ದನ್ನೆಲ್ಲ ನೀವು ನಿವೃತ್ತರಾದ ಮೇಲೆ ಕೂತು ಸೇರಿಸಿಕೊಂಡಿದ್ದೀರಿ ಎಂದು ನನ್ನ ಸಹೋದ್ಯೋಗಿ ಸುನಂದಾ ಮ್ಯಾಡಮ್ ಹೇಳುತ್ತಾರೆ. ಗುರುಲಿಂಗಪ್ಪನವರ ಹೆಂಡತಿ ಶಾಂತವ್ವನ ಪ್ರಕಾರ ಆ ದಿನ ಫೋನು ಮನೆಯಲ್ಲೇ ಇತ್ತು. ಮೂವರಲ್ಲಿ ಯಾರೂ ಸುಳ್ಳು ಹೇಳುವ ಪೈಕಿ ಅಲ್ಲ. ಆದ್ದರಿಂದ ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮುಂದಿನದನ್ನು ಓದುವಾಗ ಒಂದು ಕಣ್ಣು ಕಿರಿದು ಮಾಡಿಕೊಂಡೇ ಓದುವುದು ಒಳ್ಳೆಯದು.

ನಾನು ಪುಣೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಧಾರವಾಡದಲ್ಲಿ ಬೆಳೆದವನು, ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರ ಓದಿದವನು. ಅಳೆಯದೆ ಯಾವುದನ್ನೂ ನಂಬಬೇಡ ಎಂದು ಅಲ್ಲಿ ಕಲಿಸಿದರು. ಅಳೆದದ್ದನ್ನೂ ನಂಬಬೇಡ ಎಂಬುದನ್ನು ನಾನು ನೌಕರಿಯ ಮೊದಲ ತಿಂಗಳಲ್ಲಿ ಫ್ರಿಜ್ಜಿನಿಂದ ಕಲಿತೆ.

ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕಿಗೆ ಆಗ ಚುಚ್ಚುಮದ್ದು ಮಾತ್ರ ಇತ್ತು. ವಾರಕ್ಕೊಂದರಂತೆ ಸುಮಾರು ಒಂದು ವರ್ಷ ಚುಚ್ಚಿಸಿಕೊಳ್ಳಬೇಕು. ಪ್ರತಿ ಸಲವೂ ಜ್ವರ, ಮೈಕೈ ನೋವು, ಕೂದಲು ಉದುರುವುದು, ಸುಮ್ಮಸುಮ್ಮನೆ ಅಳು. ಇಷ್ಟೆಲ್ಲ ಆದ ಮೇಲೂ ಎಷ್ಟೋ ಜನರಿಗೆ ಗುಣವಾಗುತ್ತಿರಲಿಲ್ಲ. ಆ ಮದ್ದನ್ನು ಫ್ರಿಜ್ಜಿನಲ್ಲಿ ಇಟ್ಟು, ದಿನಕ್ಕೆರಡು ಸಲ ಉಷ್ಣತೆ ನೋಡಿ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಬೇಕಿತ್ತು. ನಾನು ಸೇರಿದ್ದು ತಿಂಗಳ ಮೂರನೆಯ ತಾರೀಖು. ಹಾಳೆಯಲ್ಲಿ ಅದೇ ತಿಂಗಳ ಮೂವತ್ತನೆಯ ತಾರೀಖಿನ ಸಂಜೆಯವರೆಗೂ ‘ನಾಲ್ಕು ಡಿಗ್ರಿ’ ಎಂದು ಬರೆದಾಗಿತ್ತು. ಸ್ಟೋರಿನ ಹಿರಿಯ ಜವಾನನನ್ನು ಕೇಳಿದೆ.

‘ಸರ, ಇಲ್ಲಿ ಯಾವಾಗಲೂ ನಾಲ್ಕೇ ಇರತದ,’ ಎಂದ ಅವನು, ಬೆಳಗಾವಿ ಕಡೆಯವ. ‘ದಿನಾ ಬಾಗಿಲಾ ತಗದು ನೋಡಿದರ ಏರತದ. ಅದಕ್ಕ ತಗಿಯೂದಿಲ್ಲ.’

ಅವನ ತರ್ಕದಲ್ಲಿ ತಪ್ಪು ಎಲ್ಲಿದೆ ಎಂದು ಇಂದಿಗೂ ನನಗೆ ಪೂರ್ತಿ ಬಗೆಹರಿದಿಲ್ಲ. ಬಾಗಿಲು ತೆಗೆದು ನೋಡಿದೆ. ಒಳಗೆ ಹನ್ನೊಂದು ಡಿಗ್ರಿ ಇತ್ತು, ಮದ್ದಿನ ಪಕ್ಕದಲ್ಲಿ ಯಾರದೋ ಶ್ರೀಖಂಡವೂ ಇತ್ತು.

ಆಮೇಲೆ ಮಾತ್ರೆ ಬಂತು. ದಿನಕ್ಕೊಂದರಂತೆ ಎಂಬತ್ನಾಲ್ಕು ದಿನ. ಜ್ವರವೂ ಇಲ್ಲ, ಫ್ರಿಜ್ಜೂ ಬೇಡ, ಹೆಚ್ಚುಕಡಿಮೆ ಎಲ್ಲರಿಗೂ ಗುಣ. ಸರಕಾರ ಪುಕ್ಕಟೆ ಕೊಡತೊಡಗಿತು. ನನ್ನ ವೃತ್ತಿಜೀವನದಲ್ಲಿ ಕಣ್ಣಾರೆ ಕಂಡ ದೊಡ್ಡ ಅದ್ಭುತ ಅದೇ. ಅದು ಬಂದಾಗ ಇನ್ನು ನಮಗೆ ಕೆಲಸವೇ ಇರುವುದಿಲ್ಲ ಎಂದುಕೊಂಡೆ. ಕಾಯಿಲೆ ಸರಳವಾದಷ್ಟೂ ಕಾಗದ ಬೆಳೆಯುತ್ತದೆ ಎಂಬುದು ಆಗ ತಿಳಿದಿರಲಿಲ್ಲ.

ಮಾತ್ರೆ ಬರುತ್ತಿದ್ದುದು ಇಪ್ಪತ್ತೆಂಟರ ಬಾಟಲಿಯಲ್ಲಿ. ಒಬ್ಬ ರೋಗಿಗೆ ಒಟ್ಟು ಮೂರು ಬಾಟಲಿ. ನಮ್ಮ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಪಾಟಣಕರ ಒಂದು ನಿಯಮ ಮಾಡಿದ್ದರು: ಖಾಲಿ ಬಾಟಲಿ ವಾಪಸು ತಂದವರಿಗೆ ಮಾತ್ರ ಮುಂದಿನ ಬಾಟಲಿ. ರೋಗಿ ಮಾತ್ರೆ ಮಾರಿಕೊಳ್ಳಬಾರದು ಎಂಬುದು ಅದರ ಉದ್ದೇಶ. ಖಾಲಿ ಬಾಟಲಿಗಳನ್ನು ಎಸೆಯಲು ಮೇಲಿನ ಅಪ್ಪಣೆ ಬೇಕಿತ್ತು, ಅದು ನಾನಿರುವವರೆಗೂ ಬರಲಿಲ್ಲ. ಮೂರು ಕಪಾಟು ತುಂಬಿ, ನಾಲ್ಕನೆಯದನ್ನು ಬೇರೆ ವಿಭಾಗದಿಂದ ಬೇಡಿ ತಂದೆವು. ತಪಾಸಣೆಗೆ ಬಂದವರು ಬಾಟಲಿಗಳನ್ನು ಎಣಿಸಿ ಸಂತೋಷಪಟ್ಟು ಹೋಗುತ್ತಿದ್ದರು. ಎಷ್ಟು ಜನ ಗುಣವಾದರು ಎಂದು ಕೇಳಿದವರು ಇದ್ದರೋ ಏನೋ, ನನಗಂತೂ ನೆನಪಿಲ್ಲ.

ಗುರುಲಿಂಗಪ್ಪ ಹೂಲಿ ನಮ್ಮಲ್ಲಿಗೆ ಬಂದದ್ದು ಯಕೃತ್ತಿನ ಸಲುವಾಗಿ ಅಲ್ಲ, ಕಣ್ಣಿನ ಸಲುವಾಗಿ. ಪುಣೆಯದೇ ಬಡಾವಣೆ ಕೊಂಢವಾದಲ್ಲಿ ಬ್ಲೌಸು ಹೊಲಿಯುವ ಟೇಲರ್. ಸವದತ್ತಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲಾಗದ ಸ್ಥಿತಿ. ಬೆಳಿಗ್ಗೆ ಅಡುಗೆ ಕೆಲಸಕ್ಕೆ ಹೊರಡುವ ಮುಂಚೆ ಶಾಂತವ್ವ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು ಹೋಗುತ್ತಿದ್ದರು. ಹನ್ನೆರಡು ಮುಗಿದರೆ ಆ ದಿನದ ಕೈಹೊಲಿಗೆ ಮುಗಿಯಿತು. ಕಣ್ಣಿನ ಆಪರೇಷನ್ನಿಗೆಂದು ರಕ್ತ ಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಸಿ ಸಿಕ್ಕಿತು. ಹಿಂದೆ ಯಾವಾಗಲೋ ಅಪಘಾತವಾಗಿ ರಕ್ತ ಏರಿಸಿದ್ದರಂತೆ. ಕಣ್ಣಿನ ವಿಭಾಗದವರು, ‘ಮೊದಲು ಇದು ಪೂರ್ತಿ ಹೋಯಿತು ಅಂತ ಕಾಗದ ತನ್ನಿ, ಆಮೇಲೆ ಕಣ್ಣು’ ಎಂದು ನಮ್ಮ ಕಡೆ ಕಳಿಸಿದರು. ಹಾಗೆ ಕಾಯಿಸುವ ಅಗತ್ಯವೇ ಇರಲಿಲ್ಲ. ಎಚ್ಚರಿಕೆಯಿಂದ ಆಪರೇಷನ್ ಮಾಡಬಹುದಿತ್ತು. ನಾನು ಹೇಳಿನೋಡಿದೆ. ಅಲ್ಲಿನ ಕಿರಿಯ ಡಾಕ್ಟರು ತುಂಬಾ ವಿನಯದಿಂದ ಕೇಳಿಸಿಕೊಂಡು, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

ರೋಗಿಗಳಿಗೆ ತಿಳಿವಳಿಕೆ ಹೇಳುವುದು, ಅವರ ಹೆಸರನ್ನು ಕಂಪ್ಯೂಟರಿಗೆ ಏರಿಸುವುದು ಸುನಂದಾ ಮ್ಯಾಡಮ್ ಕೆಲಸ. ಅವರು ಮರಾಠಿಯವರು. ನಮ್ಮ ಜೊತೆ ಇದ್ದೂ ಇದ್ದೂ ಕನ್ನಡವನ್ನು ಧೈರ್ಯವಾಗಿ ಬಳಸುತ್ತಿದ್ದರು.

‘ಕಾಕಾ, ಬ್ಲೇಡು, ಸೂಜಿ, ಏನೂ ಶೇರ್ ಮಾಡಬ್ಯಾಡಾ.’

ಗುರುಲಿಂಗಪ್ಪ ಗಾಬರಿಯಾದರು. ‘ಸೂಜಿ ಹಂಚಿಕೊಬ್ಯಾಡಂದ್ರ ಹೆಂಗ್ರಿ ಬಾಯಾರ? ದಾರಾ ಪೋಣಸಾಕಿ ನನ್ನ ಹೆಂಡತಿ. ಚುಚ್ಚಿಕೊಳ್ಳಾವ ನಾನು. ಅಕಿ ಬಿಟ್ರ ನನ್ನ ದುಕಾನನ ಬಂದ್.’

‘ಆಕೆ ಪೋಣಿಸಿ ಇಡಲಿ. ನೀವು ಚುಚ್ಚಿಕೊಂಡದ್ದನ್ನ ಮತ್ತ ಆಕೆ ಕೈಯಾಗ ಕೊಡಬ್ಯಾಡ್ರಿ,’ ಎಂದೆ ನಾನು.

‘ಹಂಗಂದ್ರ ದಿನಾ ಹನ್ನೆರಡು ಹೊಸಾ ಸೂಜಿ ತರಬೇಕೇನ್ರಿ?’

ಇದಕ್ಕೆ ನಮ್ಮ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಕುದಿಯುವ ನೀರು, ಬೆರಳಿಗೆ ಲೋಹದ ಟೋಪಿ ಎಂದು ನಾವೇ ಏನೋ ಏರ್ಪಾಟು ಹೇಳಿಕೊಟ್ಟೆವು. ಶಾಂತವ್ವನ ರಕ್ತವನ್ನೂ ಪರೀಕ್ಷಿಸಿದೆವು, ಸೋಂಕಿರಲಿಲ್ಲ. ಮಾತ್ರೆ ಶುರುವಾದದ್ದು ಒಂದು ಸೋಮವಾರ.

ಸೋಮವಾರ ಶುರುವಾದರೆ ಇಪ್ಪತ್ತೆಂಟನೆಯ ಮಾತ್ರೆ ಬೀಳುವುದು ಭಾನುವಾರ. ಆ ದಿನ ನಮ್ಮ ಕಿಟಕಿ ಬಂದ್. ಮರುದಿನ ಸೋಮವಾರ ವಿಠ್ಠಲನ ಭಕ್ತರ ಪಾಲಖಿ ಮೆರವಣಿಗೆ ಊರಿನಿಂದ ಸಾಸವಡದ ಕಡೆ ಹೊರಡುವುದಿತ್ತು. ರಸ್ತೆಗಳೆಲ್ಲ ಬಂದ್, ಕೊಂಢವಾದಿಂದ ಬರುವುದು ಕಷ್ಟ. ಅದಕ್ಕೆ ಗುರುಲಿಂಗಪ್ಪ ಶಾಣ್ಯಾತನ ಮಾಡಿ ಶನಿವಾರವೇ ಬಂದರು. ಬಾಟಲಿಯಲ್ಲಿ ಭಾನುವಾರದ ಒಂದು ಮಾತ್ರೆ ಉಳಿದಿತ್ತು.

ನಾನು ಬಾಟಲಿಯನ್ನು ಅಲ್ಲಾಡಿಸಿದೆ. ಟಕ್ ಎಂದಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಡಾಕ್ಟರ್ ಪಾಟಣಕರ ನಿಂತಿದ್ದರು.

‘ಬಾಟಲಿ ರಿಕಾಮಿ ನಾಹೀ,’ ಎಂದರು. ಖಾಲಿ ಇಲ್ಲ.

ನಾಳೆಯದು ಒಂದೇ ಉಳಿದಿದೆ, ನಾಡಿದ್ದು ರಸ್ತೆ ಬಂದ್ ಎಂದು ವಿವರಿಸಿದೆ. ಅವರು ಕ್ಷಣ ಯೋಚಿಸಿ, ಈಗ ಇಲ್ಲೇ ನುಂಗಿಬಿಡಲಿ ಎಂದರು. ಇವತ್ತಿನದು ಬೆಳಿಗ್ಗೆಯೇ ಆಗಿದೆ ಸರ್ ಎಂದೆ. ಹಾಗಾದರೆ ಮಂಗಳವಾರ ಬರಲಿ ಎಂದರು. ಒಂದು ದಿನ ಮಾತ್ರೆ ತಪ್ಪುತ್ತದೆ ಎಂದೆ. ನಿಯಮವನ್ನು ನಾನೇ ಮುರಿದರೆ ಉಳಿದವರು ಏನು ಮಾಡಿಯಾರು ಎಂದು ಅವರು ನನ್ನನ್ನೇ ಕೇಳಿದರು. ಕೆಟ್ಟ ಮನುಷ್ಯರಲ್ಲ. ನಿಯಮ ಮಾಡಿದವರಿಗೆ ಅದರ ಮೇಲೆ ಹೆತ್ತವರ ಮೋಹವಿರುತ್ತದೆ.

ಕೊನೆಗೆ ನಾನು ಬಾಟಲಿಯ ಮುಚ್ಚಳ ತೆಗೆದು ಮಾತ್ರೆಯನ್ನು ಒಂದು ಕಾಗದದ ಮೇಲೆ ಬೀಳಿಸಿದೆ. ಪೊಟ್ಟಣ ಕಟ್ಟಿ ಗುರುಲಿಂಗಪ್ಪನವರ ಅಂಗಿಯ ಜೇಬಿಗೆ ಹಾಕಿದೆ. ಬಾಟಲಿಯನ್ನು ಮತ್ತೆ ಅಲ್ಲಾಡಿಸಿ ತೋರಿಸಿದೆ. ಶಬ್ದವಿಲ್ಲ.

‘ಆತಾ ರಿಕಾಮಿ ಝಾಲೀ,’ ಎಂದು ಡಾಕ್ಟರ್ ಪಾಟಣಕರ ಸಮಾಧಾನದಿಂದ ಹೋದರು. ಈಗ ಖಾಲಿಯಾಯಿತು.

ಗುರುಲಿಂಗಪ್ಪ ಜೇಬು ಮುಟ್ಟಿ ನೋಡಿಕೊಂಡರು. ‘ಅಣ್ಣಾರ, ಇದನ್ನ ನಾಳೆ ನುಂಗಬೇಕೋ, ಇಟ್ಟುಕೊಳ್ಳಬೇಕೋ?’

‘ನುಂಗ್ರಿ! ಮರೀಬ್ಯಾಡ್ರಿ ಮತ್ತ.’

ಅವರು ಹೋದ ಮೇಲೆ ನನ್ನ ತಲೆಗೆ ಹುಳ ಹೊಕ್ಕಿತು. ಆ ಪೊಟ್ಟಣ ಜೇಬಿನಲ್ಲೇ ಉಳಿದು ಅಂಗಿ ನೀರಿಗೆ ಬಿದ್ದರೆ? ಟೇಲರನ ಜೇಬು, ಗುಂಡಿ ಚೂರು ನೂರೆಂಟು ಇರುತ್ತವೆ. ಕಣ್ಣೂ ಕಾಣದವರು. ನನ್ನ ರೋಗಿಗಳಲ್ಲಿ ಎಷ್ಟೋ ಜನ ದಿನಗಟ್ಟಲೆ ಮಾತ್ರೆ ಬಿಟ್ಟು ಖಾಲಿ ಬಾಟಲಿ ತಂದು ತೋರಿಸಿರಬಹುದು, ಅದರ ಬಗ್ಗೆ ನಿದ್ದೆಗೆಟ್ಟವನಲ್ಲ. ಇದೊಂದು ಮಾತ್ರೆಯನ್ನು ಮಾತ್ರ ನಾನೇ ಕೈಯಾರೆ ಬಾಟಲಿಯಿಂದ ಹೊರಗೆ ಹಾಕಿದ್ದೆ.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಇದನ್ನು ಬೇರೆ ಯಾರ ಮೇಲೂ ಹೊರಿಸಲು ದಾರಿ ಕಾಣದೆ ಬರೆಯುತ್ತಿದ್ದೇನೆ.

ಶನಿವಾರ ಕಂಪ್ಯೂಟರು ಕೆಟ್ಟು ಕೂತಿದ್ದರಿಂದ ಎರಡನೆಯ ಬಾಟಲಿಯನ್ನು ಕಾಗದದ ಮೇಲೆ ಬರೆದು ಕೊಟ್ಟಿದ್ದೆ. ವಾರದ ನಂತರ ಅದನ್ನು ಏರಿಸಲು ಕೂತೆ. ಸುನಂದಾ ಮ್ಯಾಡಮ್ ರಜೆಯ ಮೇಲಿದ್ದರು. ಪರದೆಯ ಮೇಲೆ ಎರಡು ಚೌಕ: ಮೊದಲ ಹೆಸರು, ಕೊನೆಯ ಹೆಸರು. ಮೊದಲ ಹೆಸರಿನಲ್ಲಿ ‘ಗುರುಲಿಂಗಪ್ಪ’ ಎಂದು ಹುಡುಕಿದೆ. ಅಂಥವರು ಯಾರೂ ಇಲ್ಲ ಎಂದಿತು. ಸುನಂದಾ ಮ್ಯಾಡಮ್ ನೋಂದಣಿ ಮಾಡುವುದನ್ನೇ ಮರೆತಿದ್ದಾರೆ ಎಂದು ನಿರ್ಧರಿಸಿ ನಾನೇ ಹೊಸದಾಗಿ ನೋಂದಾಯಿಸಿದೆ. ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ಇನ್ನೊಬ್ಬರ ಮರೆವು ತಕ್ಷಣ ಹೊಳೆಯುತ್ತದೆ.

ಮಹಾರಾಷ್ಟ್ರದ ಸರಕಾರಿ ಕಾಗದಗಳಲ್ಲಿ ಅಡ್ಡಹೆಸರು ಮೊದಲು ಬರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಸುನಂದಾ ಮ್ಯಾಡಮ್ ‘ಹೂಲಿ’ಯನ್ನು ಮೊದಲ ಚೌಕದಲ್ಲೂ ‘ಗುರುಲಿಂಗಪ್ಪ’ನನ್ನು ಎರಡನೆಯದರಲ್ಲೂ ಬರೆದಿದ್ದರು. ನಾನು ನಮ್ಮ ಕಡೆಯ ರೂಢಿಯಂತೆ ತಿರುಗಿಸಿ ಬರೆದೆ. ಅಲ್ಲಿಗೆ ಗುರುಲಿಂಗಪ್ಪ ಇಬ್ಬರಾದರು. ಮೂರನೆಯ ಬಾಟಲಿಯನ್ನೂ ನಾನೇ, ನನ್ನ ಗುರುಲಿಂಗಪ್ಪನ ಹೆಸರಿಗೆ ಕೊಟ್ಟೆ.

ಮಾತ್ರೆ ಮುಗಿದು ಹನ್ನೆರಡು ವಾರ ಕಾದು ಕೊನೆಯ ರಕ್ತ ಪರೀಕ್ಷೆ ಮಾಡಬೇಕು. ವೈರಸ್ ಕಾಣದಿದ್ದರೆ ಗುಣವಾಯಿತು ಎಂದು ಅರ್ಥ. ಗುರುಲಿಂಗಪ್ಪ ಸರಿಯಾದ ದಿನ ಬಂದರು, ಜೊತೆಗೆ ಕಣ್ಣಿನ ವಿಭಾಗದ ಚೀಟಿಯೂ ಇತ್ತು. ಹತ್ತು ದಿನದಲ್ಲಿ ಕಾಗದ ತಂದರೆ ಆಪರೇಷನ್, ಇಲ್ಲದಿದ್ದರೆ ಸರದಿ ಮತ್ತೆ ಮೊದಲಿನಿಂದ, ಅಂದರೆ ಇನ್ನೂ ಐದಾರು ತಿಂಗಳು. ಈಗ ಅವರು ದೊಡ್ಡ ಗಿರಾಕಿಗಳ ಬ್ಲೌಸು ಬಿಟ್ಟು ಪೆಟ್ಟಿಕೋಟು ಮಾತ್ರ ಹೊಲಿಯುತ್ತಿದ್ದರು. ‘ಪೆಟ್ಟಿಕೋಟಿನ ಹೊಲಿಗಿ ಯಾರೂ ನೋಡೂದಿಲ್ರಿ ಅಣ್ಣಾರ,’ ಎಂದು ತಾವೇ ನಕ್ಕರು.

ಕಂಪ್ಯೂಟರು ಪರೀಕ್ಷೆಗೆ ಅನುಮತಿ ಕೊಡಲಿಲ್ಲ. ಅದರ ಲೆಕ್ಕದಲ್ಲಿ ಹೂಲಿ ಗುರುಲಿಂಗಪ್ಪ ಒಂದು ಬಾಟಲಿ ತೆಗೆದುಕೊಂಡು ನಾಪತ್ತೆಯಾಗಿದ್ದ. ಗುರುಲಿಂಗಪ್ಪ ಹೂಲಿ ಎರಡು ಬಾಟಲಿ ತೆಗೆದುಕೊಂಡು ನಾಪತ್ತೆಯಾಗಿದ್ದ. ಮೂರು ಬಾಟಲಿ ನುಂಗಿ ನನ್ನೆದುರು ಕೂತಿದ್ದ ಮನುಷ್ಯನ ವಿಷಯ ಅದಕ್ಕೆ ಏನೂ ಗೊತ್ತಿರಲಿಲ್ಲ.

ಸುನಂದಾ ಮ್ಯಾಡಮ್ ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ‘ನಾನು ಮರೆತೆ ಅಂತ ಅಂದ್ಕೊಂಡ್ರಾ?’

‘ಹೌದು.’

‘ಒಂದ್ ಫೋನ್ ಮಾಡಬೇಕಿತ್ತು ನನಗೆ. ರಜಾ ಇತ್ತು, ಸತ್ತಿರಲಿಲ್ಲ.’

ಡಾಕ್ಟರ್ ಪಾಟಣಕರ ಪರಿಹಾರ ಕೊಟ್ಟರು. ಎರಡನೆಯವನು ಇನ್ನೊಂದು ಬಾಟಲಿ ತೆಗೆದುಕೊಂಡರೆ ಅವನ ಮೂರು ಪೂರ್ತಿಯಾಗುತ್ತದೆ, ಔಷಧ ಹೇಗೂ ಒಳ್ಳೆಯದೇ. ಗುಣವಾಗಿರಬಹುದಾದ ಮನುಷ್ಯನಿಗೆ ಕಂಪ್ಯೂಟರಿನ ಸಮಾಧಾನಕ್ಕಾಗಿ ಒಂದು ತಿಂಗಳ ಮಾತ್ರೆ ಕೊಡಲಾರೆ ಎಂದೆ. ಹಾಗಾದರೆ ಒಬ್ಬನನ್ನು ಮೃತ ಎಂದು ಬರೆಯೋಣ ಎಂದರು. ಅದಕ್ಕೆ ಮರಣ ಪತ್ರ ಬೇಕಿತ್ತು. ಗುರುಲಿಂಗಪ್ಪ ಬೆಂಚಿನ ಮೇಲಿಂದ, ‘ಅದೊಂದು ಬ್ಯಾಡ್ರಿ ಸಾಹೇಬರ, ಮನ್ಯಾಗ ಕೇಳಬೇಕಾಗತೈತಿ,’ ಎಂದರು.

ಮುಂಬಯಿಯ ಕಚೇರಿಗೆ ಇಮೇಲ್ ಮಾಡಿದೆವು. ಆರನೆಯ ದಿನ ಉತ್ತರ ಬಂತು: ಒಬ್ಬ ರೋಗಿಯನ್ನು ನಾಪತ್ತೆ ಎಂದು ಮುಚ್ಚಿದರೆ ಅವನ ಬಾಟಲಿಯನ್ನು ಇನ್ನೊಬ್ಬನ ಹೆಸರಿಗೆ ವರ್ಗಾಯಿಸಬಹುದು. ನಾಪತ್ತೆ ಎನ್ನಲು ಅವನ ನಂಬರಿಗೆ ಒಂದು ಗಂಟೆ ಅಂತರದಲ್ಲಿ ಮೂರು ಸಲ ಫೋನು ಮಾಡಿ, ಸಿಗಲಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದು ಇಬ್ಬರು ಸಹಿ ಹಾಕಬೇಕು.

ನಂಬರು ಒಂದೇ. ಗುರುಲಿಂಗಪ್ಪನವರು ಅಂದೇ ರಕ್ತ ಕೊಡಬೇಕಾದ್ದರಿಂದ ಅವರನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದ್ದೆವು.

ಇಲ್ಲಿಂದ ಮುಂದೆ ನನ್ನ ನೆನಪಿಗೆ ಸಾಕ್ಷಿಗಳಿಲ್ಲ.

ಹತ್ತು ಗಂಟೆಗೆ ಸುನಂದಾ ಮ್ಯಾಡಮ್ ಫೋನು ಹಚ್ಚಿದರು. ಮೂರು ಅಡಿ ದೂರದಲ್ಲಿ ಗುರುಲಿಂಗಪ್ಪನವರ ಜೇಬಿನಲ್ಲಿ ಶಹನಾಯಿ ಊದತೊಡಗಿತು. ಅವರ ಕೈ ಜೇಬಿಗೆ ಹೋಯಿತು.

‘ಎತ್ತಬ್ಯಾಡ್ರಿ!’ ಎಂದೆ.

‘ಗಿರಾಕಿ ಇದ್ದರ್ರಿ?’

‘ಗಿರಾಕಿ ಅಲ್ಲ, ನಾವು.’

‘ನೀವ ಹಚ್ಚತೀರಿ, ನೀವ ಎತ್ತಬ್ಯಾಡ ಅಂತೀರಿ,’ ಎಂದು ಅವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಶಹನಾಯಿ ನಿಂತಿತು. ಸುನಂದಾ ಮ್ಯಾಡಮ್ ಬರೆದರು: ಸಿಗಲಿಲ್ಲ.

ಹನ್ನೊಂದಕ್ಕೆ ಮತ್ತೆ. ಈ ಸಲ ಅವರು ಎದ್ದು ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಹೊರಗಿನ ರೋಗಿಗಳು, ಕಾಕಾ, ನಿಮ್ಮ ಫೋನು, ನಿಮ್ಮ ಫೋನು ಎಂದು ಮರಾಠಿಯಲ್ಲಿ ಕೂಗಿದರು. ‘ಮಾಹಿತ ಆಹೇ,’ ಎಂದರು ಗುರುಲಿಂಗಪ್ಪ. ಗೊತ್ತಿದೆ.

ಹನ್ನೆರಡಕ್ಕೆ ಸುನಂದಾ ಮ್ಯಾಡಮ್ ಮೂರನೆಯ ಸಲ ಹಚ್ಚಿದಾಗ ಅವರಿಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷ ಗಿರಾಕಿಗಳ ಫೋನು ತಪ್ಪಿಸದ ಮನುಷ್ಯ. ಜೇಬಿನಿಂದ ತೆಗೆದು ಕಿವಿಗೆ ಹಚ್ಚಿಕೊಂಡು, ನಮ್ಮನ್ನೇ ನೋಡುತ್ತ ಹೇಳಿದರು:

‘ಗುರುಲಿಂಗಪ್ಪ ಇಲ್ರಿ. ದವಾಖಾನಿಗೆ ಹೋಗ್ಯಾರ.’

ಸುನಂದಾ ಮ್ಯಾಡಮ್ ಕೂಡ ಫೋನು ಕಿವಿಯಲ್ಲೇ ಇಟ್ಟುಕೊಂಡು, ‘ಬರಂ, ಆಯ್ತು, ಬಂದ ಮೇಲೆ ಹೇಳ್ರಿ,’ ಎಂದರು. ಮೂರನೆಯ ಸಾಲಿನಲ್ಲೂ ‘ಸಿಗಲಿಲ್ಲ’ ಎಂದು ಬರೆದು ಪೆನ್ನನ್ನು ನನ್ನ ಕಡೆ ಚಾಚಿದರು. ನೌಕರಿಯಲ್ಲಿ ಅದುವರೆಗೆ ಸುಳ್ಳು ಬರಹಕ್ಕೆ ಸಹಿ ಹಾಕಿರಲಿಲ್ಲ ಎಂಬ ಹೆಮ್ಮೆ ನನಗಿತ್ತು. ಫ್ರಿಜ್ಜಿನ ಹಾಳೆಗೂ ಹಾಕಿರಲಿಲ್ಲ. ಗುರುಲಿಂಗಪ್ಪ ಕಣ್ಣು ಕಿರಿದು ಮಾಡಿ ನನ್ನ ಮುಖ ಎಲ್ಲಿದೆ ಎಂದು ಹುಡುಕುತ್ತಿದ್ದರು. ಸಹಿ ಹಾಕಿದೆ.

ನಾಲ್ಕು ದಿನಕ್ಕೆ ವರದಿ ಬಂತು. ವೈರಸ್ ಕಾಣಲಿಲ್ಲ. ಅಂದೇ ಸರದಿಯ ಕೊನೆಯ ದಿನ. ಕಾಗದ ಹಿಡಿದು ನಾನೇ ಕಣ್ಣಿನ ವಿಭಾಗಕ್ಕೆ ನಡೆದೆ. ಅಲ್ಲಿಯ ಕಿರಿಯ ಡಾಕ್ಟರು ತಮ್ಮ ಕಿಟ್ಟಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ, ‘ಸರ್, ಇನ್ನೂ ಪಾಸಿಟಿವ್’ ಎಂದರು. ಆ ಕಿಟ್ಟು ತೋರಿಸುವುದು ಸೋಂಕು ಹಿಂದೊಮ್ಮೆ ಬಂದಿತ್ತು ಎಂಬ ಗುರುತನ್ನು. ಗುಣವಾದವರಲ್ಲೂ ಆ ಗುರುತು ಸಾಮಾನ್ಯವಾಗಿ ಜನ್ಮವಿಡೀ ಇರುತ್ತದೆ. ಹೊಸಬರೇ, ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ. ಇದನ್ನು ನಾನು ಆ ದಿನ ಎಷ್ಟು ಜೋರಾಗಿ ವಿವರಿಸಿದೆ ಎಂದರೆ ಪೊರೆ ಕಟ್ಟಿದ ಮುದುಕರೆಲ್ಲ ಎದ್ದು ನಿಂತರು. ಮಾರನೆಯ ವಾರ ಗುರುಲಿಂಗಪ್ಪನವರ ಬಲಗಣ್ಣಿನ ಆಪರೇಷನ್ ಆಯಿತು.

ಹೂಲಿ ಗುರುಲಿಂಗಪ್ಪ ಮಾತ್ರ ಸರಕಾರದ ದಾಖಲೆಯಲ್ಲಿ ಇಂದಿಗೂ ನಾಪತ್ತೆ.

ನಿವೃತ್ತನಾದ ಮೇಲೆ ಬಹಳ ದಿನ ಆ ಪೊಟ್ಟಣದ ಮಾತ್ರೆ ನನ್ನನ್ನು ಕಾಡಿತು. ಗುಣವಾದರಲ್ಲ, ಇನ್ನೇನು ಎಂದು ಸುನಂದಾ ಮ್ಯಾಡಮ್ ಬೈದರು. ಆದರೆ ಒಂದು ದಿನ ತಪ್ಪಿದರೂ ಗುಣವಾಗಬಹುದು; ಗುಣವಾದದ್ದರಿಂದ ಮಾತ್ರೆ ನುಂಗಿದ್ದು ಸಾಬೀತಾಗುವುದಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕೊಂಢವಾಕ್ಕೆ ಹೋದೆ.

ಅಂಗಡಿಯಲ್ಲಿ ದಂಪತಿಗಳಿಬ್ಬರೂ ಇದ್ದರು. ಕ್ಯಾಲೆಂಡರಿನಲ್ಲಿ ಒಂದೂ ಸೂಜಿ ಇರಲಿಲ್ಲ. ಪೊಟ್ಟಣದ ಸಂಗತಿ ಕೇಳಿದೆ. ‘ನುಂಗಿರಬೇಕ್ರಿ, ನೆನಪಿಲ್ಲ,’ ಎಂದರು ಗುರುಲಿಂಗಪ್ಪ.

‘ನೆನಪ್ಯಾಕ ಬೇಕು?’ ಎನ್ನುತ್ತ ಶಾಂತವ್ವ ಮಶೀನಿನ ಡ್ರಾದಿಂದ ಬಿಳಿಯ ಅಸ್ತರಿನ ಪಟ್ಟಿಯೊಂದನ್ನು ತೆಗೆದರು. ‘ಇವರ ಮಾತು ನಾ ನಂಬತಿರಲಿಲ್ರಿ. ಮುಂಜಾನೆ ನನ್ನ ಮುಂದ ಗುಳಿಗಿ ನುಂಗಿ, ಒಂದು ಹೊಲಿಗಿ ಹಾಕಿದರನ ನಾನು ಕೆಲಸಕ್ಕ ಹೋಗತಿದ್ದೆ. ಬಾಟ್ಲಿ ಬದಲಾದರ ದಾರಾ ಬದಲಾ.’

ಪಟ್ಟಿಯ ಮೇಲೆ ಕೆಂಪು, ಹಸಿರು, ನೀಲಿ ಹೊಲಿಗೆಗಳು ಕುಡಿದವರಂತೆ ಸಾಗಿದ್ದವು. ಕೆಂಪು ಎಣಿಸಿದೆ: ಇಪ್ಪತ್ತೆಂಟು. ಭಾನುವಾರದ್ದು ಇತ್ತು. ಹಸಿರು ಇಪ್ಪತ್ತೆಂಟು. ನೀಲಿ ಇಪ್ಪತ್ತೊಂಬತ್ತು.

ನೀಲಿಯನ್ನು ಬೆರಳಿಟ್ಟು ಮತ್ತೆ ಎಣಿಸಿದೆ. ಮೂರು ಬಾಟಲಿಗೆ ಎಂಬತ್ನಾಲ್ಕೇ ಮಾತ್ರೆ. ಎಂಬತ್ತೈದನೆಯದು ಎಲ್ಲಿಂದ ಬಂತು?

‘ಅದು ಗುಳಿಗೀದಲ್ರಿ ಅಣ್ಣಾರ,’ ಎಂದು ಗುರುಲಿಂಗಪ್ಪ ನಕ್ಕರು. ‘ಕಣ್ಣಿನ ಪಟ್ಟಿ ಬಿಚ್ಚಿ, ಡಾಕ್ಟರು ಇನ್ನ ಹೊಲೀರಿ ಅಂದ ದಿನ ಹಾಕಿದ್ದು. ದಾರಾ ನಾನ ಪೋಣಿಸಿದೆ.’

ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ಹಾಕಿ, ಹಿಂಬದಿಯಿಂದಲೂ ಒಂದು ಸಲ ಎಣಿಸಿದೆ. ಫೋನು ಯಾರು ಎತ್ತಿದರೋ ನನಗೆ ಈಗಲೂ ಗೊತ್ತಿಲ್ಲ. ಇದು ಗೊತ್ತು: ಎಂಬತ್ನಾಲ್ಕು ಸೊಟ್ಟ, ಒಂದು ನೆಟ್ಟಗೆ.